ಜಿನಬಿಂಬಕ್ಕೆ ಒಪ್ಪುವ ಕೃಷ್ಣಶಿಲೆ: ಒಂದು ಐತಿಹಾಸಿಕ ವಿವೇಚನೆ

ಚಿಕ್ಕಮಗಳೂರು ಜಿಲ್ಲೆಯ ಪಡುವಣ ಅಂಚಿನಲ್ಲಿರುವ ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಜೈನಧರ್ಮದ ಇತಿಹಾಸದಲ್ಲಿ ಒಂದು ವಿಶಿಷ್ಟವಾದ ನೆಲೆಯಲ್ಲಿವೆ. ಇವುಗಳ ಬಡಗಣಕ್ಕೆ ಸಾಂತರಸರ ಹೊಂಬುಜ, ಘಟ್ಟದ ಕೆಳಗೆ ಭೈರರಸರ ಕಾರ್ಕಳ, ಇನ್ನೂ ದೂರದಲ್ಲಿ ಶರಾವತಿಯ ದಂಡೆಯ ಗೇರುಸೊಪ್ಪೆ. ಈ ಮೂರು ಪೀಠಗಳ ನಡುವೆ ಹರಿದಾಡಿದ ವರ್ತಕರು, ಮುನಿಗಳು ಮತ್ತು ಶಿಲ್ಪಿಗಳು ತುಂಗಾ ಭದ್ರಾ ನದಿಗಳ ಈ ಕಣಿವೆಗಳನ್ನು ಹಾದೇ ಹೋಗಬೇಕಾಗಿತ್ತು. ಶೃಂಗೇರಿಯ ಪೇಟೆಯ ನಡುವೆ ನಿಂತಿರುವ ಪಾರ್ಶ್ವನಾಥ ಬಸದಿಯು 12ನೆಯ ಶತಮಾನದ ಮಧ್ಯಭಾಗದಲ್ಲಿ ಮಾರಿಸೆಟ್ಟಿ ಎಂಬ ವರ್ತಕನ ನೆನಪಿಗಾಗಿ ಕಟ್ಟಿದುದು. ನರಸಿಂಹರಾಜಪುರದ ಸಿಂಹನಗದ್ದೆಯ ಬಸ್ತಿಮಠವು ಚಂದ್ರಪ್ರಭ ತೀರ್ಥಂಕರರ ಯಕ್ಷಿಯಾದ ಜ್ವಾಲಾಮಾಲಿನಿ ದೇವಿಯ ಅತಿಶಯ ಕ್ಷೇತ್ರವೆಂದು ಪ್ರಸಿದ್ಧವಾಗಿದ್ದು, ಗೇರುಸೊಪ್ಪೆಯೊಡನೆ ಅದಕ್ಕಿದ್ದ ಸಂಬಂಧವನ್ನು ಸಂಪ್ರದಾಯವು ಇಂದಿಗೂ ಹೇಳುತ್ತದೆ. ಎಡೇಹಳ್ಳಿ ಎಂದಿದ್ದ ಆ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದುದು 1915ರಲ್ಲಿ. ಬಸದಿಯ ಹೆಸರು ಅದಕ್ಕಿಂತ ಬಹಳ ಹಳೆಯದು.

ಇಂತಹ ಸೀಮೆಯಲ್ಲಿ ಬಸದಿಯ ಜೀರ್ಣೋದ್ಧಾರವಾಗಲಿ, ನೂತನ ಬಿಂಬದ ಪ್ರತಿಷ್ಠೆಯಾಗಲಿ ನಿಶ್ಚಯವಾದಾಗ, ಸಮಿತಿಯ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಕಲ್ಲಿನದು. ಹಿಂದೆ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವನು ಸ್ಥಪತಿ. ಇಂದು ಅಂಗಡಿಯ ಮಾದರಿ ಹಲಗೆಯ ಮೇಲೆ ಅಂಗೈ ಅಗಲದ ಹತ್ತಾರು ಕರಿಯ ತುಂಡುಗಳು ಸಾಲಾಗಿ ಕುಳಿತಿರುತ್ತವೆ. ಇದು ಸ್ವೀಡನ್ನಿನದು, ಇದು ಜಿಂಬಾಬ್ವೆಯದು, ಇದು ದಕ್ಷಿಣ ಆಫ್ರಿಕದ್ದು, ಇದು ಚೀನದ್ದು, ಇದು ನಮ್ಮ ಚಾಮರಾಜನಗರದ್ದು ಎಂದು ಹೆಸರು ಹೇಳಲಾಗುತ್ತದೆ. ದರವು ಹೆಸರಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಬಿಂಬವೆಂಬುದು ಒಮ್ಮೆ ನಯನೋನ್ಮೀಲನವಾಯಿತೆಂದರೆ ಮತ್ತೆ ಬದಲಿಸುವ ವಸ್ತುವಲ್ಲ. ಭಿನ್ನವಾದ ಬಿಂಬ ಪೂಜೆಗೆ ಸಲ್ಲದು. ಆದುದರಿಂದ ದೇಶದ ಹೆಸರು ಶಿಲೆಯ ಗುಣವನ್ನು ಎಷ್ಟರ ಮಟ್ಟಿಗೆ ಹೇಳುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಮೊದಲಿಗೆ ಬಣ್ಣದ ವಿಷಯ. ಜಿನಬಿಂಬ ಕಪ್ಪಾಗಿರಬೇಕೆಂಬುದು ಶಾಸ್ತ್ರದ ವಿಧಿಯೇನೂ ಅಲ್ಲ. ದಿಗಂಬರ ಸಂಪ್ರದಾಯದಂತೆ ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಚಂದ್ರಪ್ರಭ, ಪುಷ್ಪದಂತರು ಶ್ವೇತವರ್ಣದವರು; ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣದವರು; ಸುಪಾರ್ಶ್ವ, ಪಾರ್ಶ್ವನಾಥರು ಹಸಿರು ಛಾಯೆಯವರು; ಮುನಿಸುವ್ರತ, ನೇಮಿನಾಥರು ಮಾತ್ರ ಕೃಷ್ಣವರ್ಣದವರು; ಉಳಿದ ಹದಿನಾರು ಮಂದಿ ಸುವರ್ಣವರ್ಣದವರು. ಆದರೂ ಕನ್ನಡನಾಡಿನ ಬಸದಿಗಳಲ್ಲಿ ಪಾರ್ಶ್ವನಾಥನೂ ಕಪ್ಪು, ಆದಿನಾಥನೂ ಕಪ್ಪು, ಶಾಂತಿನಾಥನೂ ಕಪ್ಪು. ಇದಕ್ಕೆ ಕಾರಣವನ್ನು ಆಗಮಗಳಿಗಿಂತ ಈ ನೆಲದಲ್ಲೇ ಹುಡುಕಬೇಕು. ರಾಜಸ್ಥಾನದ ಮಕ್ರಾಣದ ಅಮೃತಶಿಲೆ ರೈಲು, ಲಾರಿಗಳು ಬರುವ ತನಕ ಮಲೆನಾಡಿಗೆ ಸುಲಭದಲ್ಲಿ ಎಟುಕುವಂತಿರಲಿಲ್ಲ. ಎಟುಕುತ್ತಿದ್ದುದು ಕರಿಕಲ್ಲು, ಅದರಲ್ಲೂ ನಯಗೊಳಿಸಿದರೆ ಕನ್ನಡಿಯಾಗುವ, ಎಣ್ಣೆ ಹಾಲುಗಳಿಗೆ ಜಗ್ಗದ ಕರಿಕಲ್ಲು.

ಈ ‘ಕರಿಕಲ್ಲು’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕುಲಗಳು ಅಡಗಿವೆ ಎಂಬುದನ್ನು ಖರೀದಿಗೆ ಹೊರಟವರು ಮೊದಲು ತಿಳಿಯಬೇಕು.

ಮೊದಲನೆಯದು ಬಳಪದ ಕಲ್ಲು. ಹೊಯ್ಸಳರ ಬೇಲೂರು, ಹಳೇಬೀಡುಗಳ ಕೀರ್ತಿಗೆ ಆಧಾರವಾದ ಶಿಲೆ ಇದೇ. ಕ್ಲೋರೈಟ್, ಟಾಲ್ಕ್ ಮೊದಲಾದ ಮೃದು ಖನಿಜಗಳಿಂದ ಕೂಡಿದ ಈ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಉಳಿಗೆ ಬೆಣ್ಣೆಯಂತೆ ಒದಗುತ್ತದೆ. ತಿರುಗಣೆಗೆ ಹಚ್ಚಿ ಕಡೆದ ಕಂಬಗಳು ಇದರಲ್ಲಿ ಮಾತ್ರ ಸಾಧ್ಯವಾದುವು. ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಹಳೇಬೀಡಿನ ಬಸದಿಹಳ್ಳಿಯಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಒಳಗೆ ನಿಂತು ನೋಡಿದವರಿಗೆ, ಆ ಕಂಬಗಳಲ್ಲಿ ತಮ್ಮ ನೆರಳು ಉದ್ದವಾಗಿ, ಕುಳ್ಳಾಗಿ, ಒಂದಕ್ಕೆ ಎರಡಾಗಿ ಕಾಣುವುದು ಅನುಭವದಲ್ಲಿದೆ. ಒಂಬತ್ತು ಶತಮಾನಗಳ ಹಿಂದೆ, ಯಂತ್ರವಿಲ್ಲದ ಕಾಲದಲ್ಲಿ, ಕೈಯಿಂದ ಉಜ್ಜಿ ತಂದ ಮೆರುಗು ಅದು. ಅಲ್ಲಿಯ ಮೂಲನಾಯಕನ ಬಿಂಬವೂ ಕರಿಯ ಶಿಲೆಯದೇ, ಎರಡಾಳೆತ್ತರವನ್ನು ಮೀರಿದುದು.

ಎರಡನೆಯದು ಹಾರ್ನ್‌ಬ್ಲೆಂಡ್ ಎಂಬ ಖನಿಜ ಹೆಚ್ಚಾಗಿರುವ ಗಟ್ಟಿ ಕರಿಕಲ್ಲು. ತುಮಕೂರು ಜಿಲ್ಲೆಯ ತುರುವೇಕೆರೆಯ ಕಲ್ಲು ಇದಕ್ಕೆ ಹೆಸರಾದ ನಿದರ್ಶನ. ಆ ಊರಿನ ಗಂಗಾಧರೇಶ್ವರ ದೇವಾಲಯದ ನಂದಿಯ ಮೈ ನಿನ್ನೆ ಉಜ್ಜಿಟ್ಟಂತೆ ಇಂದಿಗೂ ಹೊಳೆಯುತ್ತದೆ. ಅಲ್ಲಿಯ ಕಲ್ಲಿನ ಗಂಟೆ ಬಡಿದರೆ ಕಂಚಿನಂತೆ ನುಡಿಯುತ್ತದೆ. ಈ ನಾದಗುಣದ ಪ್ರಸ್ತಾಪ ಮುಂದೆ ಬರಲಿದೆ.

ಮೂರನೆಯದೇ ಇಂದಿನ ಪೇಟೆ ‘ಬ್ಲ್ಯಾಕ್ ಗ್ರಾನೈಟ್’ ಎಂದು ಕರೆಯುವ ಕಲ್ಲು. ವಾಸ್ತವದಲ್ಲಿ ಇದು ಗ್ರಾನೈಟ್ ಅಲ್ಲ. ನಿಜವಾದ ಗ್ರಾನೈಟಿನಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಪ್ರಧಾನವಾಗಿದ್ದು ಅದರ ಬಣ್ಣ ಬಿಳಿ, ಬೂದು ಇಲ್ಲವೇ ನಸುಗೆಂಪು. ಕರಿಯ ‘ಗ್ರಾನೈಟ್’ ಎನಿಸಿಕೊಂಡುದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ, ಮೆಗ್ನೀಸಿಯಂ ಕೂಡಿದ ಪೈರಾಕ್ಸೀನ್ ಖನಿಜದಿಂದ ಅದಕ್ಕೆ ಕಪ್ಪು ಬಂದಿರುತ್ತದೆ. ಭೂವಿಜ್ಞಾನಿಗಳು ಇದನ್ನು ಡಾಲರೈಟ್, ಗ್ಯಾಬ್ರೋ, ನೋರೈಟ್ ಎಂಬ ಹೆಸರುಗಳಿಂದ ಗುರುತಿಸುತ್ತಾರೆ. ಹಳೆಯ ಬಂಡೆಗಳ ಬಿರುಕಿನೊಳಗೆ ಭೂಗರ್ಭದ ಕಾದ ದ್ರವ ನುಗ್ಗಿ, ಅಲ್ಲೇ ಆರಿ ಗಟ್ಟಿಯಾದುದು ಡಾಲರೈಟ್. ನೆಲದ ಮೇಲೆ ಅದು ಗೋಡೆಯಂತೆ ಉದ್ದಕ್ಕೆ ಹರಿದಿರುತ್ತದೆ. ಅದಕ್ಕೆ ಡೈಕ್ ಎಂದು ಹೆಸರು. ಚಾಮರಾಜನಗರ, ಕೊಳ್ಳೇಗಾಲ, ಕನಕಪುರಗಳ ಸುತ್ತಿನಲ್ಲಿ ತೆಗೆಯುವ ಕರಿಕಲ್ಲು ಬಹುಪಾಲು ಈ ಬಗೆಯದು.

ಡೈಕ್ ಎಂಬುದು ಅಗಲ ಕಡಿಮೆಯಾದ ಪಟ್ಟೆ. ಅದರ ಅಂಚಿನಲ್ಲಿ ಕಲ್ಲು ಬೇಗ ಆರಿದ್ದರಿಂದ ಕಣ ಸಣ್ಣದು, ನಡುವೆ ನಿಧಾನವಾಗಿ ಆರಿದ್ದರಿಂದ ಕಣ ದೊಡ್ಡದು. ಅಲ್ಲದೆ ಆರುವಾಗ ಕುಗ್ಗಿ ಬಿಟ್ಟ ಸೀಳುಗಳು ಅಡ್ಡಲಾಗಿಯೂ ಉದ್ದಕ್ಕೂ ಇರುತ್ತವೆ. ಹೀಗಾಗಿ ದೋಷವಿಲ್ಲದ ಬಹು ದೊಡ್ಡ ಬಂಡೆ ಡೈಕಿನಲ್ಲಿ ದೊರೆಯುವುದು ವಿರಳ. ಕನ್ನಡನಾಡಿನ ಮಹಾಮೂರ್ತಿಗಳ ಇತಿಹಾಸದೊಡನೆ ಇದನ್ನು ಹೋಲಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಾವುಂಡರಾಯನು 10ನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬೆಟ್ಟದ ನೆತ್ತಿಯಲ್ಲಿ ಕಡೆಸಿದ ಸುಮಾರು 58 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ, 1604ರಲ್ಲಿ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ 35 ಅಡಿಯ ಗೊಮ್ಮಟ, ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ನೇತೃತ್ವದಲ್ಲಿ ಕಡೆದು 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿ, ಇವುಗಳಲ್ಲಿ ಯಾವುದೂ ಕರಿಕಲ್ಲಿನದಲ್ಲ. ಇವೆಲ್ಲ ಬೂದುಬಣ್ಣದ ಕಣಶಿಲೆಯ ಕುಟುಂಬಕ್ಕೆ ಸೇರಿದವು. ಬೆಟ್ಟವೇ ಒಂದು ಬಂಡೆಯಾಗಿ ದೊರೆಯುವುದು ಅಲ್ಲಿ ಮಾತ್ರ. ಗಟ್ಟಿ ಕರಿಕಲ್ಲನ್ನು ಗರ್ಭಗೃಹದ ಬಿಂಬಗಳಿಗೆ ಮೀಸಲಿಟ್ಟುದು ಪ್ರಾಚೀನರ ಅಭಿರುಚಿಯೂ ಹೌದು, ಕಲ್ಲಿನ ಒಪ್ಪಂದವೂ ಹೌದು.

ಜೈನ ಶಿಲ್ಪದ ಇನ್ನೊಂದು ವಿಶೇಷವೂ ಇಲ್ಲಿ ಪ್ರಸ್ತುತ. ತೀರ್ಥಂಕರನ ಬಿಂಬಕ್ಕೆ ಆಭರಣವಿಲ್ಲ, ವಸ್ತ್ರವಿಲ್ಲ, ಆಯುಧವಿಲ್ಲ. ಕಾಯೋತ್ಸರ್ಗವಾಗಲಿ ಪದ್ಮಾಸನವಾಗಲಿ, ವಿಸ್ತಾರವಾದ ನಯವಾದ ಮೈಯೇ ಅದರ ಸೌಂದರ್ಯ. ಅಂತಹ ಬಿಂಬಕ್ಕೆ ಬೇಕಾದುದು ಕುಸುರಿಗೆ ಒದಗುವ ಮೃದುತ್ವವಲ್ಲ. ಎದೆಯ ಮೇಲೆ, ಭುಜದ ಮೇಲೆ ಒಂದು ಗೆರೆ, ಒಂದು ಚುಕ್ಕೆ ತೋರದ ಏಕರೂಪತೆ. ಶ್ರೀವತ್ಸವಿರಬೇಕಾದ ಕಡೆ ಬಿಳಿಯ ನರವೊಂದು ಹಾದುಹೋದರೆ ಶಿಲ್ಪಿಯ ವರ್ಷದ ದುಡಿಮೆ ವ್ಯರ್ಥ. ಯಕ್ಷ ಯಕ್ಷಿಯರ ಸಂಗತಿ ಇದಕ್ಕೆ ವಿರುದ್ಧ. ಜ್ವಾಲಾಮಾಲಿನಿಯ ಎಂಟು ಕೈಗಳು, ಆಯುಧಗಳು, ಕಿರೀಟ, ಹಿಂದಿನ ಜ್ವಾಲೆಯ ಪ್ರಭಾವಳಿ, ಪದ್ಮಾವತಿಯ ಹಾರ ಕೇಯೂರಗಳು, ಇವು ಉಕ್ಕಿನ ಉಳಿಯ ಕಾಲದಲ್ಲಿ ಬಳಪದ ಕಲ್ಲನ್ನೋ ಲೋಹವನ್ನೋ ಬೇಡುತ್ತಿದ್ದುವು. ವಜ್ರದ ಹುಡಿ ಕೂಡಿಸಿದ ಗರಗಸ ಮತ್ತು ವಿದ್ಯುತ್ ಉಪಕರಣಗಳು ಬಂದ ಮೇಲೆ ಡಾಲರೈಟಿನಲ್ಲೂ ಕುಸುರಿ ತೆಗೆಯಬಹುದಾಗಿದೆ. ಆದರೆ ಸಾಧ್ಯವಾದುದೆಲ್ಲ ಉಚಿತವೆಂದೇನಿಲ್ಲ. ಗಡುಸಾದ ಕಲ್ಲಿನ ತೆಳುವಾದ ಬೆರಳು, ತೆಳುವಾದ ಜ್ವಾಲೆಯ ನಾಲಗೆಗಳು ಒಂದು ತಾಗಿಗೆ ಚಟಕ್ಕನೆ ಹಾರುತ್ತವೆ. ಬಳಪದ ಕಲ್ಲು ಅಷ್ಟು ಬೇಗ ಸಿಡಿಯುವುದಿಲ್ಲ.

ಪೇಟೆಯಲ್ಲಿ ಹೆಸರು ಹೇಳುವ ಪರದೇಶಗಳ ಕಲ್ಲುಗಳ ವಿಚಾರಕ್ಕೆ ಬರೋಣ. ಕರಿಕಲ್ಲನ್ನು ಜಗತ್ತಿನ ಪೇಟೆಗೆ ಮೊದಲು ದೊಡ್ಡ ಪ್ರಮಾಣದಲ್ಲಿ ತಂದವರಲ್ಲಿ ಸ್ವೀಡನ್ನಿನವರು ಮುಖ್ಯರು. ಆ ದೇಶದ ತೆಂಕಣ ಭಾಗದ ಡಾಲರೈಟನ್ನು 19ನೆಯ ಶತಮಾನದ ಕೊನೆಯಿಂದಲೇ ಜರ್ಮನಿ ಮೊದಲಾದೆಡೆಗೆ ಸಮಾಧಿಶಿಲೆಗಳಿಗಾಗಿ ಕಳುಹಿಸುತ್ತಿದ್ದರು. ಅತಿ ಸಣ್ಣ ಕಣ, ಗಾಢವಾದ ಕಪ್ಪು, ಬಹುಕಾಲ ಬಾಳುವ ಮೆರುಗು, ಈ ಗುಣಗಳಿಂದ ‘ಸ್ವೀಡಿಷ್ ಬ್ಲ್ಯಾಕ್’ ಎಂಬುದೇ ಒಂದು ಅಳತೆಗೋಲಾಯಿತು. ದಕ್ಷಿಣ ಆಫ್ರಿಕದ ಕಲ್ಲು ಬುಷ್ವೆಲ್ಡ್ ಎಂಬ, 200 ಕೋಟಿ ವರ್ಷಗಳಿಗೂ ಹಿಂದಿನ ಮಹಾ ಶಿಲಾರಾಶಿಯದು; ಗ್ಯಾಬ್ರೋ, ನೋರೈಟ್ ಜಾತಿಯದು. ಅದರಲ್ಲಿ ರಸ್ಟೆನ್‌ಬರ್ಗಿನ ಹೆಸರಿನದು ಕಪ್ಪಿಗಿಂತ ಬೂದಿಗೆ ಹತ್ತಿರ, ಬೆಲ್‌ಫಾಸ್ಟ್ ಎಂಬ ಊರಿನ ಹೆಸರಿನದು ಹೆಚ್ಚು ಕಪ್ಪು. ಒಂದೇ ದೇಶದ, ಒಂದೇ ಶಿಲಾರಾಶಿಯ ಎರಡು ಕಲ್ಲುಗಳು ಇಷ್ಟು ಬೇರೆಯಾಗಿರುವಾಗ ದೇಶದ ಹೆಸರಿನಿಂದ ಖರೀದಿಸುವವನಿಗೆ ಏನು ತಿಳಿದಂತಾಯಿತು? ಜಿಂಬಾಬ್ವೆಯ ಕಲ್ಲು ಮುಟೊಕೊ ಸೀಮೆಯ ಡಾಲರೈಟ್. ದೊಡ್ಡ ಗಾತ್ರದ ಬಂಡೆಗಳಿಗೆ, ಸಮನಾದ ಕಣಕ್ಕೆ ಅದು ಹೆಸರಾಗಿದೆ. ಚೀನದ ಶಾನ್‌ಷಿ ಪ್ರಾಂತದ ಕರಿಕಲ್ಲಿನಲ್ಲಿ ಉತ್ತಮವಾದುದು ಯಾವ ದೇಶದ ಕಲ್ಲಿಗೂ ಕಡಿಮೆಯಲ್ಲ. ಆದರೆ ‘ಚೀನದ ಕಪ್ಪು’ ಎಂಬ ಹೆಸರಿನಲ್ಲಿ ಬೇರೆ ಬೇರೆ ಗಣಿಗಳ ಬೇರೆ ಬೇರೆ ದರ್ಜೆಯ ಕಲ್ಲುಗಳು ಬರುವುದರಿಂದ, ಆ ಹೆಸರು ಒಂದನ್ನೇ ನಂಬುವಂತಿಲ್ಲ. ನೆರೆಯ ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯ ಕಲ್ಲಿನಲ್ಲಿ ಬ್ರಾಂಜೈಟ್ ಎಂಬ ಖನಿಜದ ಹೊಂಬಣ್ಣದ ಚುಕ್ಕೆಗಳು ಇರುಳಿನ ನಕ್ಷತ್ರಗಳಂತೆ ಮಿನುಗುತ್ತವೆ. ನೆಲಕ್ಕೆ, ಗೋಡೆಗೆ ಬಹು ಸೊಗಸು. ವೀತರಾಗನ ಮುಖಕ್ಕೆ ಆ ಮಿನುಗು ಒಪ್ಪುವುದೇ ಎಂಬುದನ್ನು ಸಮಿತಿಗಳೇ ಯೋಚಿಸಬೇಕು.

ನಮ್ಮ ನಾಡಿನ ಕಲ್ಲು ಈ ಪಂಕ್ತಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ 1982ನೆಯ ಇಸವಿ ಒಂದು ಉತ್ತರ ಕೊಟ್ಟಿದೆ. ಧರ್ಮಸ್ಥಳದ ಬಾಹುಬಲಿಯ ಪ್ರತಿಷ್ಠೆಯಾದ ಆ ವರ್ಷದ ನವೆಂಬರಿನಲ್ಲಿಯೇ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕ ಲೋಕಾರ್ಪಣೆಯಾಯಿತು. ಮಾಯಾ ಲಿನ್ ಎಂಬ ಯುವತಿ ರೂಪಿಸಿದ ಆ ಸ್ಮಾರಕವೆಂದರೆ ತಲಾ ಸುಮಾರು 247 ಅಡಿ ಉದ್ದದ ಎರಡು ಕರಿಯ ಗೋಡೆಗಳು; ಅವುಗಳ ಮೇಲೆ 57 ಸಾವಿರಕ್ಕೂ ಹೆಚ್ಚು ಹೆಸರುಗಳು. ನೋಡುವವರ ಮುಖ ಹೆಸರುಗಳ ನಡುವೆ ಪ್ರತಿಬಿಂಬಿಸಬೇಕೆಂಬುದು ಆಕೆಯ ಆಶಯ. ಅದಕ್ಕೆ ಬೇಕಾದ ಕರಿಕಲ್ಲಿಗಾಗಿ ಹಲವು ದೇಶಗಳ ಶಿಲೆಗಳ ವಿಚಾರವೆದ್ದಾಗ, ಸೈನ್ಯಸೇವೆಯನ್ನು ತಪ್ಪಿಸಿಕೊಂಡು ಅಮೆರಿಕದ ಯುವಕರು ಓಡಿಹೋಗಿದ್ದ ಸ್ವೀಡನ್, ಕೆನಡಾಗಳ ಕಲ್ಲು ಬೇಡವೆಂಬ ಅಭಿಪ್ರಾಯ ಬಂದಿತೆಂಬುದು ಪ್ರಸಿದ್ಧವಾಗಿದೆ. ಕೊನೆಗೆ ಬೆಂಗಳೂರಿನ ಬಳಿಯ ಗಣಿಯ ಕಲ್ಲು ಸಮುದ್ರ ದಾಟಿ, ವರ್ಮಾಂಟ್ ರಾಜ್ಯದಲ್ಲಿ ಚಪ್ಪಡಿಗಳಾಗಿ, ಆ ಗೋಡೆಯಾಯಿತು. ಅಲ್ಲಿ ದೇಶದ ಹೆಸರನ್ನು ನೋಡಿದುದು ರಾಜಕೀಯ ಕಾರಣಕ್ಕೆ. ಬೇಕಾಗಿದ್ದ ಗುಣ ಮಾತ್ರ ಹಳೇಬೀಡಿನ ಕಂಬಗಳದೇ, ಮುಖ ಕಾಣಿಸುವ ಕಪ್ಪು. ನಮ್ಮ ಬಸದಿಗಳ ದಾನಿಗಳ ಫಲಕಕ್ಕೆ ಕರಿಕಲ್ಲೇ ಒಪ್ಪುವುದಕ್ಕೂ ಕಾರಣ ಅದೇ. ನಯಗೊಳಿಸಿದ ಮೈ ಬೆಳಕನ್ನು ಚೆದುರಿಸದೆ ಕನ್ನಡಿಯಂತೆ ಒಂದೇ ಕಡೆಗೆ ಮರಳಿಸುವುದರಿಂದ ಕಪ್ಪಾಗಿ ತೋರುತ್ತದೆ. ಉಳಿ ಬಿದ್ದ ಕಡೆ ಅದೇ ಕಲ್ಲು ಬೂದಿಯ ಬಣ್ಣಕ್ಕೆ ತಿರುಗಿ ಅಕ್ಷರ ಎದ್ದು ಕಾಣುತ್ತದೆ. ಶಾಸನ ಕೊರೆದ ಪೂರ್ವಿಕರಿಗೂ ಈ ರಹಸ್ಯ ತಿಳಿದಿತ್ತು. 1901ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳು ಸೇರಿವೆ. ಮಲೆನಾಡಿನ ಮಳೆಯಲ್ಲಿ ನೂರಾರು ವರ್ಷ ನೆನೆದ ಮೇಲೂ ಅವುಗಳಲ್ಲಿ ಎಷ್ಟೋ ಅಕ್ಷರಗಳು ಓದಲು ದೊರೆತುದು ಕಲ್ಲನ್ನು ಆರಿಸಿದವರ ಪುಣ್ಯ.

ಇತ್ತೀಚಿನ ನಿದರ್ಶನವೊಂದಿದೆ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಗೊಂಡ 51 ಅಂಗುಲದ ಬಾಲರಾಮನ ವಿಗ್ರಹವನ್ನು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಅವರು ಕಡೆದರು. ಅದರ ಕೃಷ್ಣಶಿಲೆ ಮೈಸೂರು ಜಿಲ್ಲೆಯ ಜಯಪುರ ಹೋಬಳಿಯ ಗುಜ್ಜೇಗೌಡನಪುರದ್ದು. (ನಮ್ಮ ಕೊಪ್ಪದ ಜಯಪುರವೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ.) ಗಮನಿಸಬೇಕಾದುದೆಂದರೆ, ಶಿಲ್ಪಿಯ ಅನುಭವವೊಂದನ್ನೇ ಆಧರಿಸದೆ, ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಿಂದ ಶಿಲೆಯನ್ನು ಪರೀಕ್ಷೆ ಮಾಡಿಸಿದರು ಎಂಬುದು. ಕರಾವಳಿಯ ವಿಗ್ರಹಕಾರರಲ್ಲಿ ನೆಲ್ಲಿಕಾರಿನ ಕರಿಕಲ್ಲಿಗೂ ಒಳ್ಳೆಯ ಹೆಸರಿದೆ. ಶೃಂಗೇರಿಯಿಂದ ಘಟ್ಟ ಇಳಿದರೆ ಕಾರ್ಕಳದ ಶಿಲ್ಪಿಗಳು. ಮಲೆನಾಡಿನ ಸಮಿತಿಗಳಿಗೆ ಅದು ಸ್ವೀಡನ್ನಿಗಿಂತ ಹತ್ತಿರ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆ ಎಂಬ ಮಾತು ನಮ್ಮ ಪ್ರತಿಷ್ಠಾಗ್ರಂಥಗಳಿಗೂ ಶಿಲ್ಪಗ್ರಂಥಗಳಿಗೂ ಹೊಸತಲ್ಲ. ವಸುನಂದಿಯ ಪ್ರತಿಷ್ಠಾಪಾಠ, ಆಶಾಧರನ ಪ್ರತಿಷ್ಠಾಸಾರೋದ್ಧಾರ, ನೇಮಿಚಂದ್ರನ ಪ್ರತಿಷ್ಠಾತಿಲಕ ಮೊದಲಾದವು ಬಿಂಬದ ಲಕ್ಷಣಗಳನ್ನು ನಿರೂಪಿಸಿದರೆ, ಶಿಲ್ಪಶಾಸ್ತ್ರಗಳು ಶಿಲೆಯನ್ನು ಅದರ ನಾದದಿಂದ ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುತ್ತವೆ. ತುಂಬು ನಾದದ ಪುರುಷಶಿಲೆ ಬಿಂಬಕ್ಕೆ, ತಾಳದಂತೆ ನುಡಿಯುವ ಸ್ತ್ರೀಶಿಲೆ ಪೀಠಕ್ಕೆ, ನಾದವಿಲ್ಲದ ನಪುಂಸಕಶಿಲೆ ತಳಪಾಯಕ್ಕೆ. ಇದನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಒಳಗೆ ಸೀಳಿರುವ ಬಂಡೆಯಲ್ಲಿ ನಾದದ ತರಂಗ ಸೀಳಿಗೆ ತಾಗಿ ಮಡಿಯುತ್ತದೆ. ಇಡಿಯಾದ, ದಟ್ಟವಾದ ಬಂಡೆ ಗಂಟೆಯಂತೆ ನುಡಿಯುತ್ತದೆ. ಇಂದಿನ ಪ್ರಯೋಗಶಾಲೆಗಳೂ ಕಲ್ಲಿನ ಒಳಗೆ ಶಬ್ದತರಂಗದ ವೇಗವನ್ನು ಅಳೆದೇ ಅದರ ದೃಢತೆಯನ್ನು ಹೇಳುತ್ತವೆ. ತುರುವೇಕೆರೆಯ ಕಲ್ಲಿನ ಗಂಟೆ ಆ ಶಾಸ್ತ್ರಕ್ಕೆ ಕಣ್ಣೆದುರಿನ ಸಾಕ್ಷಿ.

ಖರೀದಿಸುವವರ ಕೈಗೆಟುಕುವ ಇನ್ನೊಂದು ಪರೀಕ್ಷೆ ತೂಕದ್ದು. ಒಂದು ಘನ ಅಡಿ ನಿಜವಾದ ಗ್ರಾನೈಟ್ ಸುಮಾರು 75 ಕಿಲೋಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಡಾಲರೈಟ್ 85 ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಕರಿಯದೆಂದು ಮಾರುವ ಕಲ್ಲು ಹಗುರವಾಗಿ ತೂಗಿದರೆ ಸಂಶಯಪಡುವುದು ನ್ಯಾಯ. ಬೂದುಬಣ್ಣದ ಕಲ್ಲಿಗೆ ಎಣ್ಣೆಯನ್ನೋ ಬಣ್ಣವನ್ನೋ ಊಡಿಸಿ ಕಪ್ಪು ಮಾಡುವ ಪರಿಪಾಠ ಎಲ್ಲ ದೇಶಗಳ ಪೇಟೆಯಲ್ಲೂ ಇದೆ; ಬಿಳಿಯ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಉಜ್ಜಿದರೆ ಬಟ್ಟೆಗೆ ಮಸಿ ಹತ್ತುತ್ತದೆ. ಅಂತಹ ಕಪ್ಪು ಬಿಸಿಲು ಮಳೆಗಳಲ್ಲಿ ನಿಲ್ಲದು. ಮಲೆನಾಡಿನಲ್ಲಿ ಇದಕ್ಕಿಂತಲೂ ಹೆಚ್ಚು ಎಚ್ಚರ ವಹಿಸಬೇಕಾದುದು ಕಲ್ಲಿನೊಳಗಿನ ಗಂಧಕ ಕೂಡಿದ ಕಬ್ಬಿಣದ ಕಣಗಳ ವಿಷಯದಲ್ಲಿ. ಅಂಗಡಿಯಲ್ಲಿ ಅವು ಹಿತ್ತಾಳೆಯ ಹುಡಿಯಂತೆ ಚೆಂದ ಕಾಣುತ್ತವೆ. ಮಳೆಗೆ ಒಡ್ಡಿದ ಮೇಲೆ ತುಕ್ಕು ಹಿಡಿದು ಕಂದು ಕಲೆ ಇಳಿಯತೊಡಗುತ್ತದೆ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರು ಮೀರಿ ಮಳೆ ಸುರಿಯುವ ಸೀಮೆ ಇದು. ಬಯಲುಸೀಮೆಯ ಬಸದಿಯಲ್ಲಿ ನೂರು ವರ್ಷ ಅಡಗಿರುವ ದೋಷ ಇಲ್ಲಿ ನಾಲ್ಕು ಮಳೆಗಾಲದಲ್ಲಿ ಹೊರಬೀಳಬಹುದು.

ಅಭಿಷೇಕದ ವಿಚಾರವನ್ನು ಬೇರೆಯಾಗಿ ಹೇಳಬೇಕು. ನಮ್ಮ ಸಂಪ್ರದಾಯದಲ್ಲಿ ಬಿಂಬಕ್ಕೆ ಜಲ, ಎಳನೀರು, ಕಬ್ಬಿನ ಹಾಲು, ಹಾಲು, ಮೊಸರು, ತುಪ್ಪ, ಕಷಾಯ, ಅರಿಸಿನ, ಗಂಧಗಳ ಅಭಿಷೇಕವುಂಟು. ಮೊಸರಿನಲ್ಲಿ ಆಮ್ಲವಿದೆ, ಹುಳಿತ ಕಬ್ಬಿನ ಹಾಲಿನಲ್ಲಿಯೂ ಇದೆ. ಅಮೃತಶಿಲೆ ಸುಣ್ಣದ ಅಂಶದಿಂದಾದುದು. ಆಮ್ಲ ತಾಗಿದಲ್ಲೆಲ್ಲ ಅದರ ಮೆರುಗು ಸವೆಯುತ್ತದೆ, ಅರಿಸಿನದ ಕಲೆ ಒಳಗಿಳಿಯುತ್ತದೆ. ಮನೆಮನೆಯ ಅಡಿಗೆಕಟ್ಟೆಗೆ ಬರುವ ಕಡಪದ ಕರಿಕಲ್ಲೂ ಸುಣ್ಣಕಲ್ಲಿನ ಜಾತಿಯೇ. ಕಪ್ಪಗಿದೆ, ಅಗ್ಗವಾಗಿದೆ ಎಂದು ಅದನ್ನು ಅಭಿಷೇಕದ ಪೀಠಕ್ಕೋ ಪ್ರಣಾಲಕ್ಕೋ ಬಳಸಿದರೆ ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. ನಿಂಬೆಯ ರಸದ ಹನಿಯೊಂದನ್ನು ಇರುಳೆಲ್ಲ ಬಿಟ್ಟು ಬೆಳಗ್ಗೆ ಒರೆಸಿದಾಗ ಮಂಕಾದ ಗುರುತು ಉಳಿದರೆ, ಆ ಕಲ್ಲು ಸುಣ್ಣದ ಕುಲದ್ದೆಂದು ತಿಳಿಯಬಹುದು. ಡಾಲರೈಟಿಗೆ ಈ ಭಯವಿಲ್ಲ. ಉತ್ತಮ ದರ್ಜೆಯದು ಹೀರುವ ನೀರು ತನ್ನ ತೂಕದ ನೂರಕ್ಕೆ ಅರೆಪಾಲನ್ನೂ ಮುಟ್ಟುವುದಿಲ್ಲ. ನಿತ್ಯಾಭಿಷೇಕಕ್ಕೆ ಗುರಿಯಾಗುವ ಮೂಲನಾಯಕನಿಗೆ ಗಟ್ಟಿ ಕರಿಕಲ್ಲೇ ಶ್ರೇಷ್ಠವೆಂಬ ಪೂರ್ವಿಕರ ನಿರ್ಣಯ ಇಲ್ಲಿ ಸಮರ್ಥನೆ ಪಡೆಯುತ್ತದೆ.

ಬಿಂಬಕ್ಕೆ ಸಲ್ಲುವ ಕಲ್ಲನ್ನೇ ಕಟ್ಟಡದ ಎಲ್ಲ ಭಾಗಕ್ಕೂ ಹರಡುವುದು ಇತ್ತೀಚಿನ ಚಟ. ಮಲೆನಾಡಿನ ಹಳೆಯ ಬಸದಿಗಳು ಹಾಗಿರಲಿಲ್ಲ. ಗೋಡೆಗೆ ಜಂಬಿಟ್ಟಿಗೆ ಇಲ್ಲವೇ ಬೂದುಗಲ್ಲು, ಮಾಡಿಗೆ ಇಳಿಜಾರಾದ ಕಲ್ಲು ಚಪ್ಪಡಿ ಅಥವಾ ಹಂಚು, ಒಳಗಣ ಪೀಠದಲ್ಲಿ ಮಾತ್ರ ಕೃಷ್ಣಶಿಲೆ. ಶೃಂಗೇರಿಯ ಪಾರ್ಶ್ವನಾಥ ಬಸದಿಯ ಇಳಿಜಾರು ಕಲ್ಲುಮಾಡು ಎಂಟು ಶತಮಾನಗಳ ಮಳೆಯನ್ನು ಇಳಿಸಿಕೊಟ್ಟಿದೆ. ಒಳಗಿನ ಬಿಂಬವಾದರೋ ಗಾತ್ರದಲ್ಲಿ ಚಿಕ್ಕದು. ಪ್ರತಿಯೊಂದು ಕಲ್ಲಿಗೂ ಅದರ ಕೆಲಸವಿತ್ತು. ಇಂದು ಪ್ರಾಕಾರದ ತೆರೆದ ಅಂಗಳಕ್ಕೂ ಕನ್ನಡಿಯಂತೆ ನಯಗೊಳಿಸಿದ ಕರಿಕಲ್ಲನ್ನು ಹಾಸುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವ ವೃದ್ಧ ಶ್ರಾವಿಕೆಯರು ಅದರ ಮೇಲೆ ಕಾಲಿಡಲಾರರು. ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಮೇಲೆ ಯುವಕರೂ ಜಾರುತ್ತಾರೆ. ಅಂಗಳಕ್ಕೆ ಚಾಣದ ಗುರುತುಳ್ಳ ಬೂದುಗಲ್ಲೇ ಸರಿ. ಅದರಿಂದ ಉಳಿಯುವ ಹಣವನ್ನು ಬಿಂಬದ ಶಿಲೆಯ ಮೇಲೆ ವೆಚ್ಚಮಾಡಿದರೆ ದಾನಿಗಳ ಹಣವೂ ಸಾರ್ಥಕವಾಗುತ್ತದೆ.

ಶಿಲೆಯನ್ನು ಆರಿಸಲು ಸಮಿತಿಯವರು ಅಂಗಡಿಯ ಬದಲು ಗಣಿಗೇ ಹೋಗುವುದು ಲೇಸು, ಜೊತೆಗೆ ಬಿಂಬ ಕಡೆಯುವ ಶಿಲ್ಪಿಯೂ ಇರಬೇಕು. ಬಂಡೆಯ ಆರೂ ಮುಖಕ್ಕೆ ನೀರು ಹೊಯ್ಸಿ, ಅದು ಆರುವುದನ್ನು ಕಾಯಬೇಕು. ಉಳಿದೆಡೆ ಒಣಗಿದ ಮೇಲೂ ಒದ್ದೆಯಾಗಿ ಉಳಿಯುವ ಕೂದಲೆಳೆಯ ಗೆರೆಯೇ ಒಳಗಿನ ಸೀಳಿನ ಸುಳಿವು. ಸುತ್ತಿಗೆಯಿಂದ ನಾಲ್ಕು ಕಡೆ ಬಡಿಸಿ ನಾದ ಕೇಳಬೇಕು. ಬಿಂಬ, ಪೀಠ ಮತ್ತು ಪ್ರಣಾಲಗಳಿಗೆ ಬೇಕಾದ ಕಲ್ಲನ್ನು ಒಂದೇ ಗಣಿಯ ಒಂದೇ ಪಾತಳಿಯಿಂದ ಒಂದೇ ಸಲ ತರಿಸುವುದು ಒಳ್ಳೆಯದು. ಎರಡು ವರ್ಷ ಬಿಟ್ಟು ಅದೇ ಹೆಸರಿನಲ್ಲಿ ಬರುವ ಕಲ್ಲು ಅದೇ ಕಲ್ಲಾಗಿರುವುದಿಲ್ಲ. ಗಣಿಯ ಊರು, ಸರ್ವೆ ನಂಬರು, ಬಂಡೆಯ ಅಳತೆ, ತೂಕ ಮತ್ತು ಪರೀಕ್ಷೆಯ ವರದಿಗಳನ್ನು ಪ್ರತಿಷ್ಠೆಯ ದಾಖಲೆಗಳೊಡನೆ ಸೇರಿಸಿ, ಕಡೆದು ಉಳಿದ ಒಂದು ತುಂಡನ್ನು ಬಸದಿಯ ಭಂಡಾರದಲ್ಲಿ ಇರಿಸತಕ್ಕದ್ದು. ಮುಂದೆ ಎಂದಾದರೂ ಪೀಠದ ಅಂಚು ಮುಕ್ಕಾದರೆ, ದುರಸ್ತಿಗೆ ಬರುವ ಶಿಲ್ಪಿ ಮೊದಲು ಕೇಳುವುದು ಆ ತುಂಡನ್ನೇ.